ಮನೆ ಪೋರ್ಟಿಕೋದಲ್ಲಿ ಕಾರು ಎತ್ತಿ ಕೆಳಗೆ ಹೋಗೋದು: ಬ್ಲಾಕ್ ಸಾಕಾ, ಸ್ಟ್ಯಾಂಡೇ ಬೇಕಾ?

ಹಾಸನ ಸ್ವಿಫ್ಟ್ | ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಸ್ವಿಫ್ಟ್, ಪೆಟ್ರೋಲ್. ಹಂಪ್ ಹತ್ತಿದಾಗಲೆಲ್ಲ ಮುಂದಿನ ಎಡಗಡೆಯಿಂದ ಟಕ್ ಟಕ್ ಅಂತ ಶಬ್ದ. ಗ್ಯಾರೇಜಿನಲ್ಲಿ ನೋಡಿ ಲಿಂಕ್ ರಾಡ್, ಅಂದರೆ ಸಸ್ಪೆನ್ಶನ್‌ನ ಒಂದು ಸಣ್ಣ ಕಂಬಿ, ಹೋಗಿದೆ ಅಂದರು. ಎರಡೂ ಕಡೆಯದ್ದು ಹೊಸದು ತಂದಿಟ್ಟಿದ್ದೇನೆ. ಈ ಸಲ ನಾನೇ ಹಾಕಬೇಕು ಅಂತ ಆಸೆ. ಹಾಗೇ ಇಂಜಿನ್ ಆಯಿಲ್ ಕೂಡ ಬದಲಾಯಿಸೋಣ ಅಂತ.

ನನ್ನ ಹತ್ತಿರ ಇರೋದು ಕಾರಿನ ಜೊತೆ ಬಂದ ಜಾಕ್, ವೀಲ್ ಸ್ಪ್ಯಾನರ್, ಮನೆ ಕಟ್ಟಿದಾಗ ಉಳಿದ ಎಂಟು ಸಿಮೆಂಟ್ ಬ್ಲಾಕ್. ಪೋರ್ಟಿಕೋಗೆ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದ್ದೇವೆ, ಗೇಟಿನ ಕಡೆ ಸ್ವಲ್ಪ ಇಳಿಜಾರು ಇದೆ. ಜಾಕ್‌ನಲ್ಲಿ ಎತ್ತಿ, ಬ್ಲಾಕ್ ಕೊಟ್ಟು, ಕೆಳಗೆ ಮಲಗಿ ಕೆಲಸ ಮಾಡಬಹುದಾ? ಇಲ್ಲಾ ಜ್ಯಾಕ್ ಸ್ಟ್ಯಾಂಡೇ (ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಆಸರೆ) ಬೇಕಾ? ಮನೆಯವರು ಬೇಡವೇ ಬೇಡ ಅಂತಿದ್ದಾರೆ. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ತುಮಕೂರು ಗ್ರೀಸ್ | ಸೋಮವಾರ, ರಾತ್ರಿ 9:48

ಸರ್, ಮನೆಯವರ ಮಾತು ಕೇಳಿ. 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಕಾರಿನ ಜೊತೆ ಬರುವ ಸಿಜರ್ ಜಾಕ್ ಇರೋದು ರಸ್ತೆ ಬದಿ ಟೈರ್ ಬದಲಾಯಿಸೋಕೆ ಮಾತ್ರ. ಅದರ ಪಾದ ನೋಡಿ, ಅಂಗೈಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಸ್ಕ್ರೂ ತಾನಾಗಿ ಇಳಿಯುವುದಿಲ್ಲ, ಅದು ನಿಜ. ಆದರೆ ಕಾರು ಎರಡು ಇಂಚು ಹಿಂದೆ ಮುಂದೆ ಸರಿದರೆ ಸಾಕು, ಜಾಕ್ ಪಕ್ಕಕ್ಕೆ ಮಲಗಿಬಿಡುತ್ತದೆ. ಟ್ರಾಲಿ ಜಾಕ್, ಬಾಟಲ್ ಜಾಕ್ ಆದರೆ ಬೇರೆ ತೊಂದರೆ. ಅದರಲ್ಲಿ ಭಾರ ಹೊರುವುದು ಎಣ್ಣೆ. ಒಳಗಿನ ರಬ್ಬರ್ ಸೀಲ್ ಸವೆದಿದ್ದರೆ ನಿಧಾನಕ್ಕೆ ಕೂರುತ್ತದೆ, ಒಮ್ಮೊಮ್ಮೆ ದಡಕ್ಕನೆ ಕೂರುತ್ತದೆ. ನಮ್ಮಲ್ಲಿ ಹೊಸ ಹುಡುಗರು ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುವುದು ಇದು: ಜಾಕ್ ಎತ್ತೋಕೆ, ಸ್ಟ್ಯಾಂಡ್ ಹೊರೋಕೆ.

ನಾನು ಕೆಲಸ ಕಲಿಯುವಾಗ ಕಣ್ಣಾರೆ ನೋಡಿದ್ದು ಒಂದಿದೆ. ಅಂಬಾಸಿಡರ್ ಗೇರ್‌ಬಾಕ್ಸ್ ಇಳಿಸುತ್ತಿದ್ದರು. ಹಿಂದೆ ಬಾಟಲ್ ಜಾಕ್, ಪಕ್ಕದಲ್ಲಿ ಇಟ್ಟಿಗೆ ಜೋಡಿಸಿದ್ದರು. ಹಿರಿಯ ಮೇಸ್ತ್ರಿ ಒಬ್ಬರು ಕೆಳಗಿದ್ದರು. ಬೋಲ್ಟ್ ಬರಲಿಲ್ಲ ಅಂತ ಜೋರಾಗಿ ಎಳೆದರು. ಕಾರು ಅಲುಗಿತು, ಇಟ್ಟಿಗೆ ಪುಡಿಯಾಯಿತು. ಬಿಚ್ಚಿದ್ದ ಚಕ್ರವನ್ನು ಯಾರೋ ಬಾಡಿ ಕೆಳಗೆ ತಳ್ಳಿದ್ದರು. ಕಾರು ಅದರ ಮೇಲೆ ಕೂತಿತು. ಅವರ ಎದೆಗೂ ಕಾರಿಗೂ ನಡುವೆ ನಾಲ್ಕು ಬೆರಳು ಜಾಗ ಇತ್ತು. ಹೊರಗೆ ಎಳೆದಾಗ ಅವರಿಗೆ ಮಾತೇ ಬರುತ್ತಿರಲಿಲ್ಲ. ಅವತ್ತಿನಿಂದ ಬಿಚ್ಚಿದ ಚಕ್ರ ಯಾವಾಗಲೂ ಕಾರಿನ ಕೆಳಗೇ ಇಡುತ್ತೇನೆ. ಗೋಡೆಗೆ ಒರಗಿಸುವುದಿಲ್ಲ.

ಒಂದು ಜೋಡಿ ಜ್ಯಾಕ್ ಸ್ಟ್ಯಾಂಡ್ ತಗೊಳ್ಳಿ. ಅಲ್ಲಿಯವರೆಗೆ ಲಿಂಕ್ ರಾಡ್ ಡಬ್ಬದಲ್ಲೇ ಇರಲಿ.

ಸೈಟ್ ಎಂಜಿನಿಯರ್ | ಸೋಮವಾರ, ರಾತ್ರಿ 10:30

ಬ್ಲಾಕ್ ಬಗ್ಗೆ ನಾನು ಹೇಳುತ್ತೇನೆ, ದಿನಾ ಅದರ ಜೊತೆಗೇ ಇರುವವನು.

"ಇಡೀ ಮನೆಯನ್ನೇ ಹೊರುತ್ತದೆ, ಒಂದು ಕಾರು ಹೊರಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಮನೆಯಲ್ಲಿ ಗಾರೆ ಹಾಕಿ ಕೂರಿಸಿರುತ್ತೇವೆ, ಭಾರ ಬ್ಲಾಕಿನ ಇಡೀ ಮೈಮೇಲೆ ಹರಡಿರುತ್ತದೆ. ಕಾರಿನ ಕೆಳಗಿನ ತಗಡಿನ ಅಂಚು ಒಂದೇ ಗೆರೆಯಲ್ಲಿ ಒತ್ತುತ್ತದೆ, ಚಾಕುವಿನ ಬಾಯಿ ಇದ್ದ ಹಾಗೆ. ಕೆಳಗಡೆ ಒಂದು ಜಲ್ಲಿ ಚೂರು ಸಿಕ್ಕಿಕೊಂಡಿದ್ದರೆ ಬ್ಲಾಕ್ ಆ ಚೂರಿನ ಮೇಲೆ ಬಾಗಲು ನೋಡುತ್ತದೆ. ಸಿಮೆಂಟ್ ಬಾಗುವುದಿಲ್ಲ, ಒಡೆಯುತ್ತದೆ. ಒಡೆಯುವ ಮುಂಚೆ ಏನೂ ಸೂಚನೆ ಕೊಡುವುದಿಲ್ಲ. ಹಾಲೋ ಬ್ಲಾಕ್ ಆದರಂತೂ, ಅದರಲ್ಲೂ ತೂತು ಪಕ್ಕಕ್ಕೆ ಬರುವ ಹಾಗೆ ಮಲಗಿಸಿದರೆ, ಯೋಚನೆಯನ್ನೇ ಮಾಡಬೇಡಿ. ಕರಾವಳಿಯ ಕೆಂಪು ಕಲ್ಲು ಇನ್ನೂ ಮೆದು. ಸೈಜುಗಲ್ಲು ಗಟ್ಟಿ ಇದೆ, ಆದರೆ ಅದರ ಮೇಲೆ ಕಬ್ಬಿಣ ಜಾರುತ್ತದೆ.

ಮರ ಬೇರೆ ಜಾತಿ. ದಪ್ಪ ಮರದ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿದರೆ, ಅಂದರೆ ಎರಡು ಉದ್ದಕ್ಕೆ, ಮೇಲೆ ಎರಡು ಅಡ್ಡಕ್ಕೆ, ಒಳ್ಳೆ ಆಸರೆ ಆಗುತ್ತದೆ. ಭಾರ ಜಾಸ್ತಿಯಾದರೆ ಮರ ನಲುಗುತ್ತದೆ, ಕಿರ್ ಅನ್ನುತ್ತದೆ, ಹೊರಗೆ ಬರಲು ನಿಮಗೆ ಟೈಮ್ ಕೊಡುತ್ತದೆ. ತೇಗ, ಮತ್ತಿ, ಹೊನ್ನೆ ಯಾವುದಾದರೂ ಸರಿ. ಗೆದ್ದಲು ತಿಂದದ್ದು, ಸೀಳು ಬಿಟ್ಟದ್ದು ಬೇಡ. ಆದರೂ ಇದು ಸ್ಟ್ಯಾಂಡ್ ಪಕ್ಕದಲ್ಲಿ ಎರಡನೇ ಆಸರೆಯಾಗಿ ಇರಲಿ. ಸ್ಟ್ಯಾಂಡ್ ಬದಲಿಗೆ ಬೇಡ.

ಹಾಸನ ಸ್ವಿಫ್ಟ್ | ಮಂಗಳವಾರ, ಬೆಳಿಗ್ಗೆ 7:55

ತುಂಬಾ ಧನ್ಯವಾದ. ಬ್ಲಾಕ್ ಕೈಬಿಟ್ಟೆ. 2 ಟನ್ ಟ್ರಾಲಿ ಜಾಕ್ ಒಂದು, 3 ಟನ್ ಸ್ಟ್ಯಾಂಡ್ ಒಂದು ಜೋಡಿ ತಗೋತೀನಿ. ಎಡಗಡೆ ಮಾತ್ರ ತಾನೇ ಶಬ್ದ, ಆ ಒಂದು ಮೂಲೆ ಎತ್ತಿದರೆ ಸಾಕಲ್ವಾ? ಹ್ಯಾಂಡ್ ಬ್ರೇಕ್ ಎಳೆದು ಫಸ್ಟ್ ಗೇರ್‌ನಲ್ಲಿ ಬಿಟ್ಟರೆ ಕಾರು ಕದಲಲ್ಲ ಅಲ್ವಾ?

ಅಮ್ಮನ ವ್ಯಾಗನಾರ್ | ಮಂಗಳವಾರ, ಬೆಳಿಗ್ಗೆ 8:20

ಇಲ್ಲಿ ಒಂದು ಸೂಕ್ಷ್ಮ ಇದೆ. ಇದು ನನಗೆ ಅರ್ಥ ಆಗಲು ತುಂಬಾ ದಿನ ಬೇಕಾಯಿತು, ಅದಕ್ಕೆ ಬಿಡಿಸಿ ಬರೆಯುತ್ತೇನೆ.

ನಿಮ್ಮದು ಮುಂದಿನ ಚಕ್ರ ಎಳೆಯುವ ಗಾಡಿ. ಗೇರ್ ಹಾಕಿಟ್ಟರೆ ಇಂಜಿನ್ ಹಿಡಿದುಕೊಳ್ಳುವುದು ಮುಂದಿನ ಎರಡು ಚಕ್ರವನ್ನ. ಆದರೆ ನಡುವೆ ಡಿಫರೆನ್ಶಿಯಲ್ ಇದೆ, ಅಂದರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಒಂದು ಚಕ್ರ ಗಾಳಿಯಲ್ಲಿ ಇದ್ದರೆ ಅದು ಒಂದು ಕಡೆಗೆ ತಿರುಗುತ್ತದೆ, ನೆಲದ ಮೇಲಿರುವುದು ಇನ್ನೊಂದು ಕಡೆಗೆ ಉರುಳುತ್ತದೆ. ಇಂಜಿನ್ ಸುಮ್ನೆ ನಿಂತಿರುತ್ತದೆ. ಅಂದರೆ ಮುಂದಿನ ಒಂದೇ ಮೂಲೆ ಎತ್ತಿದ ಕ್ಷಣಕ್ಕೆ ಗೇರಿನ ಹಿಡಿತ ಹೋಯಿತು. ಆಟೋಮ್ಯಾಟಿಕ್‌ನ ಪಾರ್ಕಿಂಗ್ ಲಾಕ್ ಕಥೆಯೂ ಇದೇ. ಆಗ ಕಾರನ್ನು ಹಿಡಿದಿರುವುದು ಹಿಂದಿನ ಚಕ್ರದ ಹ್ಯಾಂಡ್ ಬ್ರೇಕ್ ಒಂದೇ. ಅದರ ಕೇಬಲ್ ಸಡಿಲ ಇದ್ದರೆ ದೇವರೇ ಗತಿ. ಅದಕ್ಕೇ ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡೆ ಕೊಡಲೇಬೇಕು.

ಹಿಂದಿನ ಎರಡೂ ಚಕ್ರ ಎತ್ತಿದರೆ ಉಲ್ಟಾ. ಹ್ಯಾಂಡ್ ಬ್ರೇಕ್ ಕೆಲಸಕ್ಕೆ ಬರುವುದಿಲ್ಲ, ಗೇರ್ ಹಿಡಿಯುತ್ತದೆ. ಬೊಲೆರೊ ತರಹ ಹಿಂದಿನ ಚಕ್ರ ತಳ್ಳುವ ಗಾಡಿಯಲ್ಲಿ ಹಿಂದೆ ಎತ್ತಿದರೆ ಎರಡೂ ಹೋಯಿತು, ಗೇರೂ ಇಲ್ಲ, ಬ್ರೇಕೂ ಇಲ್ಲ. ಮುಂದಿನ ಚಕ್ರಕ್ಕೆ ಕೊಟ್ಟ ಅಡೆ ಒಂದೇ ಗತಿ.

ಇನ್ನು ಇಳಿಜಾರು. ಜಾಗ ಮಟ್ಟವಾಗಿದೆಯಾ ಅಂತ ಕಣ್ಣಲ್ಲಿ ನೋಡಿದರೆ ಗೊತ್ತಾಗಲ್ಲ. ನಾನು ಒಂದು ಗೋಲಿ ಇಟ್ಟು ನೋಡುತ್ತೇನೆ. ಉರುಳಿದರೆ ಆ ಜಾಗ ಬೇಡ.

ತುಮಕೂರು ಗ್ರೀಸ್ | ಮಂಗಳವಾರ, ಮಧ್ಯಾಹ್ನ 1:15

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಹುಡುಗರಿಗೂ ಇದನ್ನು ಓದಿ ಹೇಳಿದೆ.

ಸ್ವಿಫ್ಟ್ ಸರ್, ಲಿಂಕ್ ರಾಡ್ ಕೆಲಸಕ್ಕೆ ಒಂದು ಮೂಲೆ ಎತ್ತಬೇಡಿ, ಮುಂದೆ ಎರಡೂ ಕಡೆ ಎತ್ತಿ. ಲಿಂಕ್ ರಾಡ್ ಹಿಡಿದಿರುವುದು ಎರಡೂ ಕಡೆಯ ಸಸ್ಪೆನ್ಶನ್ ಜೋಡಿಸುವ ಅಡ್ಡ ಸ್ಟೆಬಿಲೈಸರ್ ಬಾರ್ ಅನ್ನು. ಒಂದು ಚಕ್ರ ನೇತಾಡುತ್ತಾ ಇನ್ನೊಂದು ನೆಲದ ಮೇಲಿದ್ದರೆ ಬಾರ್ ತಿರುಚಿಕೊಂಡಿರುತ್ತದೆ. ನಟ್ಟು ಬಿಚ್ಚಿದ ಕೂಡಲೇ ರಾಡ್ ಸಿಡಿಯುತ್ತದೆ, ಹೊಸದನ್ನು ಕೂರಿಸೋಕೆ ತೂತು ಎದುರಿಗೇ ಬರುವುದಿಲ್ಲ. ಎರಡೂ ಕಡೆ ಸಮ ಎತ್ತಿದರೆ ಕೈಯಲ್ಲೇ ಕೂರುತ್ತದೆ.

ಹಾಸನ ಸ್ವಿಫ್ಟ್ | ಮಂಗಳವಾರ, ರಾತ್ರಿ 9:30

ಸಾಮಾನು ಬಂತು. ಈಗ ಒಂದು ಪ್ರಶ್ನೆ, ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಮ್ಯಾನುಯಲ್‌ನಲ್ಲಿ ಜಾಕ್ ಇಡುವ ಜಾಗ ಅಂತ ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಕಚ್ಚಿನ ನಡುವೆ ತೋರಿಸಿದ್ದಾರೆ. ಅಲ್ಲಿ ಜಾಕ್ ಇಟ್ಟು ಎತ್ತಿದರೆ ಸ್ಟ್ಯಾಂಡ್ ಎಲ್ಲಿ ಇಡಲಿ? ಜಾಗ ಒಂದೇ, ಇಡಬೇಕಾದ್ದು ಎರಡು.

ತುಮಕೂರು ಗ್ರೀಸ್ | ಮಂಗಳವಾರ, ರಾತ್ರಿ 10:05

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ ಸರ್. ಜನ ತಪ್ಪು ಮಾಡುವುದು ಇಲ್ಲೇ. ಅಂಚಿನಲ್ಲಿ ಜಾಕ್ ಇಟ್ಟು, ಸ್ಟ್ಯಾಂಡನ್ನು ಎಲ್ಲೋ ಒಂದು ಕಡೆ ತಗಡಿಗೆ ಕೊಟ್ಟುಬಿಡುತ್ತಾರೆ.

ಸ್ವಿಫ್ಟ್‌ನಲ್ಲಿ ಮುಂದೆ ಎತ್ತಲು ಟ್ರಾಲಿ ಜಾಕನ್ನು ನಡುವೆ ತನ್ನಿ. ಇಂಜಿನ್ ಹಿಂದೆ ಅಡ್ಡಕ್ಕೆ ದಪ್ಪ ಸಸ್ಪೆನ್ಶನ್ ಫ್ರೇಮ್ ಇದೆ, ಅದರ ನಡುಭಾಗಕ್ಕೆ ಕೊಡಿ. ಮೊದಲು ಟಾರ್ಚ್ ಹಾಕಿ ಕಣ್ಣಾರೆ ನೋಡಿ. ಅದರ ಹತ್ತಿರವೇ ಆಯಿಲ್ ಸಂಪ್, ಅಂದರೆ ಇಂಜಿನ್ ಆಯಿಲ್ ತುಂಬಿರುವ ತೊಟ್ಟಿ, ಇರುತ್ತದೆ, ತಗಡಿನದು. ಜಾಕ್ ಅಲ್ಲಿ ಬಿತ್ತು ಅಂದರೆ ನಜ್ಜುಗುಜ್ಜು. ಹಾಗೆ ನಡುವಿಂದ ಎತ್ತಿದರೆ ಎರಡೂ ಕಡೆ ಒಟ್ಟಿಗೆ ಏಳುತ್ತದೆ, ಅಂಚಿನ ಕಚ್ಚುಗಳು ಸ್ಟ್ಯಾಂಡಿಗೆ ಖಾಲಿ ಸಿಗುತ್ತವೆ. ಬೇರೆ ಗಾಡಿಯವರು ಇದನ್ನೇ ಹಿಡಿದುಕೊಂಡು ಎತ್ತಬೇಡಿ, ನಿಮ್ಮ ಮಾಡೆಲ್‌ಗೆ ಎಲ್ಲಿ ಅಂತ ಸರ್ವಿಸ್ ಸೆಂಟರ್‌ನಲ್ಲಿ ಕೇಳಿಕೊಳ್ಳಿ.

ಸ್ಟ್ಯಾಂಡಿನ ತಲೆ ಆ ತೆಳು ಅಂಚನ್ನು ಮಡಚಿಬಿಡುತ್ತದೆ. ನಡುವೆ ಸೀಳು ಇರುವ ರಬ್ಬರ್ ಪ್ಯಾಡ್ ಸಿಗುತ್ತದೆ, ಅದನ್ನು ಹಾಕಿ. ಅಂಚು ಸೀಳಿನೊಳಗೆ ಕೂರಬೇಕು, ಭಾರ ಎರಡೂ ಪಕ್ಕದ ದಪ್ಪ ತಗಡಿಗೆ ಹೋಗಬೇಕು.

ಇನ್ನೊಂದು ಮಾತು. ಟ್ರಾಲಿ ಜಾಕ್ ನೇರ ಮೇಲಕ್ಕೆ ಎತ್ತುವುದಿಲ್ಲ, ತೋಳು ಬಿಲ್ಲಿನ ಹಾಗೆ ತಿರುಗಿ ಏಳುತ್ತದೆ. ಎತ್ತುವಾಗ ಜಾಕ್ ತಾನೇ ಒಂದಿಷ್ಟು ಉರುಳಬೇಕು. ಅದರ ಚಕ್ರ ಟೈಲ್ಸ್ ಸಂದಿಯಲ್ಲೋ ಮಣ್ಣಲ್ಲೋ ಸಿಕ್ಕಿಕೊಂಡರೆ ಜಾಕ್ ಬದಲು ಕಾರೇ ಸರಿಯುತ್ತದೆ. ಇಲ್ಲಾ ಜಾಕಿನ ತಲೆ ಫ್ರೇಮಿನಿಂದ ಜಾರುತ್ತದೆ. ಕೆಳಗೆ ಮುಕ್ಕಾಲು ಇಂಚಿನ ಪ್ಲೈವುಡ್ ಹಾಸಿ. ಸ್ಟ್ಯಾಂಡಿನ ಕಾಲಿಗೂ ಅದೇ. ಬಿಸಿಲಿಗೆ ಕಾದ ಡಾಂಬರಿನಲ್ಲಿ ಸ್ಟ್ಯಾಂಡಿನ ಕಾಲು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುವುದನ್ನು ನೋಡಿದ್ದೇನೆ.

ಉಡುಪಿ ಉಪ್ಪುಗಾಳಿ | ಬುಧವಾರ, ಬೆಳಿಗ್ಗೆ 6:50

ಕರಾವಳಿಯವರಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಮ್ಮ ಮನೆ ಸಮುದ್ರದಿಂದ ಎರಡು ಕಿಲೋಮೀಟರ್. ಹಳೆ ಮಾರುತಿ 800 ಇತ್ತು. ಮ್ಯಾನುಯಲ್‌ನಲ್ಲಿ ಹೇಳಿದ ಜಾಗದಲ್ಲೇ ಜಾಕ್ ಇಟ್ಟೆ, ನಾಲ್ಕು ಸುತ್ತು ತಿರುಗಿಸಿದೆ. ಕಾರು ಮೇಲೆ ಬರಲಿಲ್ಲ, ಜಾಕ್ ಒಳಗೆ ಹೋಯಿತು. ಮೇಲೆ ಬಣ್ಣ ಹೊಳೆಯುತ್ತಿತ್ತು, ಒಳಗೆ ತುಕ್ಕು ಹಿಡಿದು ಹಪ್ಪಳದ ಹಾಗೆ ಆಗಿತ್ತು. ಕೈಯಲ್ಲಿ ಮುರಿದರೆ ಪದರ ಪದರ ಬರುತ್ತಿತ್ತು.

ಈಗ ಎತ್ತುವ ಮುಂಚೆ ಸ್ಕ್ರೂಡ್ರೈವರ್ ಹಿಡಿಯಿಂದ ಆ ಅಂಚನ್ನು ಉದ್ದಕ್ಕೂ ಬಡಿದು ನೋಡುತ್ತೇನೆ. ಗಟ್ಟಿ ತಗಡು ಟಣ್ ಅನ್ನುತ್ತದೆ. ಹೋಗಿದ್ದರೆ ಮಂದವಾಗಿ ದಬ್ ಅನ್ನುತ್ತದೆ, ಕಂದು ಪುಡಿ ಉದುರುತ್ತದೆ. ಮಳೆಗಾಲ ಮುಗಿದ ಮೇಲಂತೂ ನೋಡಲೇಬೇಕು.

ಓಹಾಯೋ ಕನ್ನಡಿಗ | ಬುಧವಾರ, ಬೆಳಿಗ್ಗೆ 9:05

ಸ್ಟ್ಯಾಂಡ್ ತಂದ ಮಾತ್ರಕ್ಕೆ ನಿಶ್ಚಿಂತೆ ಅಂತ ಇಲ್ಲ. 2020ರಲ್ಲಿ ಇಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಟೂಲ್ ಅಂಗಡಿ ಸರಣಿ 3 ಟನ್, 6 ಟನ್ ಸ್ಟ್ಯಾಂಡ್‌ಗಳನ್ನು ಲಕ್ಷಗಟ್ಟಲೆ ವಾಪಸ್ ಕರೆಸಿಕೊಂಡಿತು. ಸ್ಟ್ಯಾಂಡಿನ ಕಂಬವನ್ನು ಎತ್ತರದಲ್ಲಿ ಹಿಡಿಯಲು ಅದರ ಹಲ್ಲಿಗೆ ಕಚ್ಚಿಕೊಳ್ಳಬೇಕಾದ ಕೊಕ್ಕೆ ಪೂರ್ತಿ ಕಚ್ಚುತ್ತಿರಲಿಲ್ಲ. ಭಾರ ಸ್ವಲ್ಪ ಅಲುಗಿದರೆ ಜಾರಿ ದಡಕ್ಕನೆ ಇಳಿಯುವ ಅಪಾಯ. ಬದಲಿಗೆ ಕೊಟ್ಟ 3 ಟನ್ ಸ್ಟ್ಯಾಂಡ್‌ಗಳಲ್ಲೂ ಕೆಲವಕ್ಕೆ ವೆಲ್ಡಿಂಗ್ ದೋಷ ಅಂತ ಅವನ್ನೂ ಅದೇ ವರ್ಷ ವಾಪಸ್ ಕರೆದರು.

ಹಾಗಾಗಿ ಹೊಸದೇ ಆದರೂ ಪರೀಕ್ಷೆ ಮಾಡಿ. ಕೊಕ್ಕೆ ಹಲ್ಲಿನ ಬುಡದವರೆಗೆ ಕೂತಿದೆಯಾ, ಹಿಡಿ ಪೂರ್ತಿ ಕೆಳಗೆ ಬಂದಿದೆಯಾ ನೋಡಿ. ಎರಡನೇ ಸೇಫ್ಟಿ ಪಿನ್ ಇರುವ ಮಾದರಿಯಾದರೆ ಅದನ್ನು ಹಾಕುವುದನ್ನು ಮರೆಯಬೇಡಿ. ತೂತಿಗೆ ದಪ್ಪ ಪಿನ್ ತೂರಿಸುವ ಮಾದರಿ ಸಿಕ್ಕರೆ ನನಗೆ ಅದೇ ಇಷ್ಟ. ಪಿನ್ ಇದೆಯೋ ಇಲ್ಲವೋ ದೂರದಿಂದಲೇ ಕಾಣುತ್ತದೆ.

ಮಂಡ್ಯ ಟ್ರ್ಯಾಕ್ಟರ್ | ಬುಧವಾರ, ರಾತ್ರಿ 8:40

ಕಾರಿನ ವಿಷಯದ ನಡುವೆ ಬಂದೆ ಅಂತ ಬೇಜಾರಾಗಬೇಡಿ. ನಮ್ಮ ಕಡೆ ಟ್ರೈಲರ್ ತೊಟ್ಟಿ ಎತ್ತಿ ಕೆಳಗೆ ಗ್ರೀಸ್ ಹೊಡೆಯುವವರು ತುಂಬಾ ಜನ. ತೊಟ್ಟಿಯನ್ನು ಹಿಡಿದಿರುವುದೂ ಎಣ್ಣೆಯೇ. ಪೈಪ್ ಒಡೆದರೂ ಬೀಳುತ್ತದೆ, ಟ್ರ್ಯಾಕ್ಟರ್ ಮೇಲೆ ಆಡುವ ಮಗು ಲಿವರ್ ಮುಟ್ಟಿದರೂ ಬೀಳುತ್ತದೆ. ಸುಮ್ನೆ ಎರಡು ನಿಮಿಷದ ಕೆಲಸ ಅಂತ ತಲೆ ಒಳಗೆ ಹಾಕುತ್ತೇವೆ.

ನಾನು ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಆಂಗಲ್‌ನ ಆಸರೆ ಮಾಡಿಸಿ ಚಾಸಿಗೇ ಕೀಲು ಹಾಕಿಸಿದ್ದೇನೆ. ತೊಟ್ಟಿ ಖಾಲಿ ಮಾಡಿ ಎತ್ತಿ, ಆಸರೆ ನಿಲ್ಲಿಸಿ, ತೊಟ್ಟಿ ಅದರ ಮೇಲೆ ಕೂರುವವರೆಗೆ ಇಳಿಸಿ, ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ. ಆಮೇಲೇ ಗ್ರೀಸ್ ಗನ್ ಕೈಗೆ.

ತಾತನ ಪಿಟ್ | ಬುಧವಾರ, ರಾತ್ರಿ 9:25

ನಮ್ಮ ಹಳೆ ಮನೆ ಶೆಡ್ಡಿನಲ್ಲಿ ತಾತ ತೋಡಿಸಿದ ಪಿಟ್ ಇದೆ, ಕಾರಿನ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ. ಆಯಿಲ್ ಬದಲಾಯಿಸೋಕೆ ಅದೇ ಆರಾಮ, ಕಾರು ಎತ್ತುವ ಮಾತೇ ಇಲ್ಲ. ಆದರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲಿ ಹೋಗಿ ಕೂರುತ್ತದೆ. ಫ್ಯೂಯೆಲ್ ಪೈಪ್ ಕೆಲಸ ಪಿಟ್‌ನಲ್ಲಿ ಬೇಡ. ಇಂಜಿನ್ ಓಡಿಸಿಕೊಂಡು ಇಳಿಯಬೇಡಿ. ವೈರಿಗೆ ನೇತುಹಾಕಿದ ಬಲ್ಬ್ ಬದಲು ಸೀಲ್ ಆಗಿರುವ ಎಲ್ಇಡಿ ಟಾರ್ಚ್ ಇಟ್ಟುಕೊಳ್ಳಿ.

ಅಮ್ಮನ ವ್ಯಾಗನಾರ್ | ಗುರುವಾರ, ಬೆಳಿಗ್ಗೆ 7:30

ಸ್ವಿಫ್ಟ್ ಅವರೇ, ಭಾನುವಾರ ಕೆಲಸಕ್ಕೆ ಇಳಿಯುವ ಮುಂಚೆ ನಾನು ಮಾಡುವ ಕೆಲವು ಕೆಲಸ ಹೇಳಿಬಿಡುತ್ತೇನೆ.

ಚಕ್ರದ ನಟ್ಟನ್ನು ಕಾರು ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲ ಮಾಡಿ. ಜಾಮ್ ಆದ ನಟ್ಟಿನ ಜೊತೆ ಗುದ್ದಾಟ ಎತ್ತಿದ ಮೇಲೆ ಬೇಡ. ಲಿಂಕ್ ರಾಡ್ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ.

ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಜಾಕನ್ನು ಪೂರ್ತಿ ತೆಗೆಯಬೇಡಿ, ಫ್ರೇಮಿಗೆ ತಾಗಿಯೂ ತಾಗದ ಹಾಗೆ ಬಿಡಿ. ಆಮೇಲೆ ಹೊರಗೆ ನಿಂತು ಕಾರನ್ನು ಸೊಂಟದ ಮಟ್ಟದಲ್ಲಿ ನೂಕಿ. ಮುಂದಿನಿಂದ, ಪಕ್ಕದಿಂದ, ಗಟ್ಟಿಯಾಗಿ. ಬೀಳುವುದಿದ್ದರೆ ಆಗಲೇ ಬೀಳಲಿ. ನಾನು ನೂಕಿದ ಮೇಲೆ ಬಗ್ಗಿ ಸ್ಟ್ಯಾಂಡಿನ ನಾಲ್ಕೂ ಕಾಲು ನೋಡುತ್ತೇನೆ, ಯಾವುದಾದರೂ ಪ್ಲೈವುಡ್ ಬಿಟ್ಟು ಎದ್ದಿದೆಯಾ ಅಂತ.

ಮನೆಯಲ್ಲಿ ಒಬ್ಬರಾದರೂ ದೊಡ್ಡವರು ಎಚ್ಚರ ಇರಬೇಕು. ಮೊಬೈಲ್ ಜೇಬಿನಲ್ಲಿ ಬೇಡ, ಮಲಗಿದಾಗ ಕೈ ಜೇಬಿಗೆ ಹೋಗಲ್ಲ. ತಲೆ ಪಕ್ಕ ನೆಲದ ಮೇಲೆ ಇಡಿ. ಒಂದು ವೇಳೆ ಕಾರು ಯಾರ ಮೇಲಾದರೂ ಕೂತರೆ ಕೈಯಲ್ಲಿ ಎತ್ತಲು ಹೋಗಿ ಹೊತ್ತು ಕಳೆಯಬೇಡಿ. ಅದೇ ಜಾಕನ್ನು ಮತ್ತೆ ಪಂಪ್ ಮಾಡಬೇಕು, ಇನ್ನೊಬ್ಬರು 112ಕ್ಕೋ 108ಕ್ಕೋ ಫೋನ್ ಮಾಡಬೇಕು. ಜಾಕ್ ಹಿಡಿ ಯಾವ ಕಡೆ ತಿರುಗಿಸಿದರೆ ಏರುತ್ತದೆ, ಯಾವ ಕಡೆ ತಿರುಗಿಸಿದರೆ ಇಳಿಯುತ್ತದೆ ಅಂತ ನಮ್ಮ ಅಮ್ಮನಿಗೆ ಮೂರು ಸಲ ಮಾಡಿಸಿ ತೋರಿಸಿದ್ದೇನೆ.

ಹಾಸನ ಸ್ವಿಫ್ಟ್ | ಭಾನುವಾರ, ಸಂಜೆ 6:20

ಕೆಲಸ ಮುಗಿಯಿತು. ಹೇಗಾಯಿತು ಅಂತ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಪೋರ್ಟಿಕೋದಲ್ಲಿ ಗೋಲಿ ಇಟ್ಟೆ. ನೇರ ಗೇಟಿಗೆ ಹೋಯಿತು. ಪಕ್ಕದ ಮನೆಯವರ ಕಾಂಕ್ರೀಟ್ ಅಂಗಳ ಕೇಳಿಕೊಂಡೆ, ಖುಷಿಯಿಂದ ಕೊಟ್ಟರು. ಅಲ್ಲಿ ಗೋಲಿ ನಿಂತಿತು. ಹಿಂದಿನ ಎರಡು ಚಕ್ರಕ್ಕೆ ಹಿಂದೆ ಮುಂದೆ ಮರದ ಅಡೆ. ಪ್ಲೈವುಡ್ ಮೇಲೆ ಜಾಕ್. ಮೊದಲ ಸಲ ಎತ್ತಿದಾಗ ಜಾಕಿನ ತಲೆ ಫ್ರೇಮಿನ ನಡುವಿಗೆ ಇರಲಿಲ್ಲ, ಬಲಗಡೆಗೆ ಒಂದೆರಡು ಇಂಚು ಇತ್ತು. ಎಡಭಾಗ ತಡವಾಗಿ ಏಳುವುದು ಕಣ್ಣಿಗೇ ಕಂಡಿತು. ಇಳಿಸಿ ಸರಿಮಾಡಿ ಮತ್ತೆ ಎತ್ತಿದೆ.

ಸ್ಟ್ಯಾಂಡಿಗೆ ಕೂರಿಸುವಾಗ ಜಾಕ್ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಬೇಕು ಅನ್ನುವುದು ಗೊತ್ತಿರಲಿಲ್ಲ. ಸ್ವಲ್ಪ ಜಾಸ್ತಿ ತಿರುಗಿಸಿದೆ, ಕಾರು ಧಡ್ ಅಂತ ರಬ್ಬರ್ ಪ್ಯಾಡ್ ಮೇಲೆ ಕೂತಿತು. ಎದೆ ಝಲ್ ಅಂದಿತು. ಮತ್ತೆ ಎತ್ತಿ, ಕೊಕ್ಕೆ ನೋಡಿ, ನಿಧಾನಕ್ಕೆ ಇಳಿಸಿದೆ. ಬಿಚ್ಚಿದ ಎರಡು ಚಕ್ರ ಎರಡೂ ಬದಿ ಬಾಡಿ ಕೆಳಗೆ ಮಲಗಿಸಿದೆ. ಆಮೇಲೆ ನೂಕಿದೆ, ಮನೆಯವರೂ ಬಂದು ನೂಕಿದರು. ಕದಲಲಿಲ್ಲ. ಅವರು ಕುರ್ಚಿ ತಂದು ಅಲ್ಲೇ ಕೂತರು.

ಹಳೆ ಲಿಂಕ್ ರಾಡ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ತುದಿಯ ಗುಂಡು ಕೀಲು ಗಡಗಡ ಅನ್ನುತ್ತಿತ್ತು. ಗ್ರೀಸ್ ಅಣ್ಣ ಹೇಳಿದ ಹಾಗೇ ಹೊಸದು ಕೈಯಲ್ಲೇ ಕೂತಿತು. ಆಯಿಲ್ ಕೂಡ ಬದಲಾಯಿಸಿದೆ.

ತುಮಕೂರು ಗ್ರೀಸ್ | ಭಾನುವಾರ, ಸಂಜೆ 7:00

ತುಂಬಾ ಸಂತೋಷ ಸರ್. ಆಯಿಲ್ ಮಟ್ಟವನ್ನು ಕಾರು ನೆಲಕ್ಕೆ ಇಳಿಸಿದ ಮೇಲೆ ಇನ್ನೊಮ್ಮೆ ನೋಡಿ, ಮುಂದೆ ಎತ್ತಿದ್ದಾಗ ಡಿಪ್‌ಸ್ಟಿಕ್ ಸರಿ ತೋರಿಸುವುದಿಲ್ಲ. ಚಕ್ರದ ನಟ್ಟನ್ನು ನೆಲದ ಮೇಲೆ ಎದುರು ಬದುರು ಬಿಗಿ ಮಾಡಿದ್ದೀರಿ ತಾನೇ? 50 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ನೋಡಿ. ಟ್ರಾಲಿ ಜಾಕಿಗೆ ಎಣ್ಣೆ ಕಮ್ಮಿಯಾದರೆ ಜಾಕ್ ಆಯಿಲ್ ಮಾತ್ರ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ಸೀಲ್ ಉಬ್ಬಿ ಹಾಳಾಗುತ್ತದೆ.

ಹಾಸನ ಸ್ವಿಫ್ಟ್ | ಭಾನುವಾರ, ರಾತ್ರಿ 8:35

ಎದುರು ಬದುರೇ ಬಿಗಿ ಮಾಡಿದೆ ಅಣ್ಣ, ಆಯಿಲ್ ಮಟ್ಟವೂ ಸರಿ ಇದೆ. ಈಗ ತಾನೇ ನಮ್ಮ ಬೀದಿಯ ಮೂರು ಹಂಪ್ ಹತ್ತಿಸಿ ಬಂದೆ, ಎಡಗಡೆ ಟಕ್ ಟಕ್ ಇಲ್ಲ. ಅದು ನಿಂತ ಮೇಲೆ ಬಲಗಡೆ ಬೇರೆ ಒಂದು ಸಣ್ಣ ಕಿರ್ ಶಬ್ದ ಕೇಳುತ್ತಿದೆ. ಲೋವರ್ ಆರ್ಮ್ ಬುಷ್ (ಚಕ್ರ ಹಿಡಿದ ಕೆಳತೋಳಿನ ರಬ್ಬರ್ ಕೀಲು) ಇರಬಹುದಾ? ಮುಂದಿನ ಭಾನುವಾರಕ್ಕೂ ಅಂಗಳ ಬಿಟ್ಟುಕೊಡುತ್ತೇವೆ ಅಂತ ಪಕ್ಕದ ಮನೆಯವರು ಹೇಳಿದ್ದಾರೆ.